ಕೆಂಪಿಯ ನಾಲ್ಕನೆಯ ಸೂಲು

ಕೊಂಬೈಯ ಆ ಮನೆಗೆ ನಾನು ಹೋದದ್ದು ಎತ್ತಿನ ಗೊರಸು ನೋಡಲು. ನಾಯಿಯ ವಿಷಯ ಯಾರೂ ಹೇಳಿರಲಿಲ್ಲ.

ಅರವತ್ತರ ದಶಕದ ನಡುವಿನ ಒಂದು ವರ್ಷ. ಹಿಂಗಾರು ಮಳೆ ಮುಗಿಯುತ್ತ ಬಂದಿತ್ತು. ನಾನು ಮಧುರೆ ಜಿಲ್ಲೆಯ ಕಂಬಂ ಪಶು ಆಸ್ಪತ್ರೆಯ ಡಾಕ್ಟರು; ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಗುರುವಾರ ಗುರುವಾರ ಕೊಂಬೈಯಲ್ಲಿ ಕ್ಯಾಂಪು. ಬೆಳಗಿನ ಬಸ್ಸಿಗೆ ಹೋಗುವುದು, ಹುಣಿಸೆ ಮರದಡಿ ದನಗಳಿಗೆ ದೊಡ್ಡರೋಗದ ಲಸಿಕೆ ಹಾಕುವುದು, ಕರೆದವರ ಮನೆಗೆ ಹೋಗಿ ಕುಂಟುವ ಎತ್ತನ್ನೋ ಮೇವು ಬಿಟ್ಟ ಹಸುವನ್ನೋ ನೋಡುವುದು, ಮೂರೂವರೆಯ ಬಸ್ಸಿಗೆ ಮರಳುವುದು. ಆ ಬಸ್ಸು ತಪ್ಪಿದರೆ ಅಂದು ಕಂಬಂ ಸೇರುವ ಭರವಸೆ ಇರಲಿಲ್ಲ.

ಎತ್ತಿನ ಗೊರಸಿನ ಸಂದಿಯ ಹುಣ್ಣು ತೊಳೆದು ಔಷಧ ಹಚ್ಚಿ ಕೈ ತೊಳೆಯುತ್ತಿದ್ದೆ. ಚೊಂಬಿನಿಂದ ನೀರು ಹುಯ್ಯುತ್ತಿದ್ದವಳು ಆ ಮನೆಯ ಸೊಸೆ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗಿ. ಅತ್ತೆ ಒಳಗೆ ಹೋದದ್ದನ್ನು ನೋಡಿಕೊಂಡು ತಗ್ಗಿದ ದನಿಯಲ್ಲಿ ಕೇಳಿದಳು:

“ಸಾರ್, ನಾಯ್ ಕುಟ್ಟಿಗೂ ಮದ್ದು ಅದಾ?”

ಆ ಮನೆಯವರ ಮನೆಮಾತು ಕನ್ನಡ. ಎಷ್ಟೋ ತಲೆಮಾರುಗಳ ಹಿಂದೆ ಬಂದು ಕಂಬಂ ಕಣಿವೆಯಲ್ಲಿ ನೆಲೆನಿಂತ ಒಕ್ಕಲು ಮನೆತನ. ಮರಿಗೆ ಕುಟ್ಟಿ ಎನ್ನುವ, ಕಿರಿಯನನ್ನು ತಂಬಿ ಎಂದು ಕರೆಯುವ, ಸಾಕು ಎನ್ನಲು ‘ಪೋದುಂ’ ಎನ್ನುವ ಅವರ ಮಾತು, ಹೊಸೂರಿನವನಾದ ನನಗೆ ಮೊದಮೊದಲು ಅರ್ಧ ಮಾತ್ರ ತಿಳಿಯುತ್ತಿತ್ತು. ಆ ಹೊತ್ತಿಗೆ ಕಿವಿ ಪಳಗಿತ್ತು.

“ಏನಾಗಿದೆ ಮರಿಗೆ?” ಎಂದೆ.

“ಬನ್ನಿ” ಎಂದಷ್ಟೇ ಹೇಳಿ ಹಿತ್ತಿಲಿಗೆ ನಡೆದಳು.

ಬಚ್ಚಲಿನ ಹಿಂದೆ, ನಿಂಬೆ ಗಿಡದ ನೆರಳಿನಲ್ಲಿ, ಮಣ್ಣು ಕೆದರಿ ಮಾಡಿಕೊಂಡ ಗುಣಿಯಲ್ಲಿ ಆ ಮನೆಯ ನಾಯಿ ಕೆಂಪಿ ಮಲಗಿತ್ತು. ಕೊಂಬೈಯ ನಾಯಿಗಳೇ ಹಾಗೆ, ಕೆಂಪು ಮೈ, ಕಪ್ಪು ಮೂತಿ. ಬೆಟ್ಟದಿಂದ ಹೊಲಕ್ಕಿಳಿಯುವ ಕಾಡುಹಂದಿಯನ್ನು ಎದುರಿಸಿ ನಿಲ್ಲುವ ಜಾತಿ. ಅದರ ಹೊಟ್ಟೆಗೆ ಒತ್ತಿಕೊಂಡು ಏಳು ಮರಿಗಳಿದ್ದವು. ಹುಟ್ಟಿ ಇಪ್ಪತ್ತು ದಿನವಂತೆ. ಆ ವಯಸ್ಸಿಗೆ ಮರಿಗಳು ಒಂದರ ಮೇಲೊಂದು ಬಿದ್ದು ಹೊರಳಾಡಬೇಕು. ಇವು ಮೊಲೆ ಬಾಯಲ್ಲಿದ್ದರೂ ಚೀಪದೆ ಸುಮ್ಮನಿದ್ದವು. ಒಂದನ್ನೆತ್ತಿ ತುಟಿ ಮಡಿಸಿ ನೋಡಿದೆ. ಒಸಡು ಸುಣ್ಣದ ಗೋಡೆಯಂತೆ ಬಿಳುಚಿತ್ತು. ಬಾಲದ ಕೆಳಗೆ ಕಪ್ಪಗೆ, ಅಂಟಂಟಾಗಿ ಒಣಗಿದ ಮಲ.

“ಹಿಂದೆ ಎರಡು ಸೂಲೂ ಇಂಗೇ ಸಾರ್. ಇಪ್ಪತ್ತು ದಿನ ಚೆನ್ನಾಗಿರ್ತವೆ, ಆಮೇಲೆ ಒಂದೊಂದಾಗಿ ಸತ್ತೋಯ್ತವೆ” ಎಂದಳು.

ಅಷ್ಟರಲ್ಲಿ ಅತ್ತೆ ಬಂದರು. ಅರವತ್ತು ದಾಟಿದ ಹೆಂಗಸು, ಗಂಡನಿಲ್ಲದ ಮನೆಯನ್ನೂ ಹೊಲವನ್ನೂ ತಾವೇ ನಿಂತು ನಡೆಸಿದವರು. ನಮ್ಮಿಬ್ಬರನ್ನೂ ನೋಡಿ ಅವರ ಹುಬ್ಬು ಗಂಟಾಯಿತು.

“ಅದುಕ್ಕೆಲ್ಲ ಮದ್ದಿಲ್ಲ ಡಾಕ್ಟರ್ ತಂಬಿ. ಮೊದಲ್ನೇ ಸೂಲು ಐದು ಕುಟ್ಟಿ, ಐದೂ ಕಲ್ಲುಗುಂಡಿನಂಗೆ ಬೆಳ್ದೋ. ಆಮೇಲೆ ಮಗನ ಮದ್ವೆ ಆಯ್ತು. ಅವತ್ತಿಂದ ಒಂದ್ ಕುಟ್ಟಿನೂ ಉಳೀಲಿಲ್ಲ. ರಾಸಿ ಇಲ್ಲದ ಕೈ ಮನೆಗೆ ಬಂದ್ರೆ ಅಂಗೇ” ಎಂದರು.

ರಾಸಿ ಎಂದರೆ ಅದೃಷ್ಟ, ಕೈಗುಣ. ಸೊಸೆ ಚೊಂಬನ್ನು ಎದೆಗೊತ್ತಿಕೊಂಡು ನೆಲ ನೋಡುತ್ತ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ನಿಜವಿದ್ದರೂ ಇರಬಹುದು ಎಂದು ತಾನೇ ನಂಬತೊಡಗಿದವಳ ಮುಖ ಅದು. ಅದನ್ನು ನೋಡಿಯೇ ನಾನು ಬಾಳೆ ಎಲೆಯ ತುಂಡಿನಲ್ಲಿ ಮರಿಯ ಮಲವನ್ನು ಕಟ್ಟಿಕೊಂಡದ್ದು.

ಸಂಜೆ ಆಸ್ಪತ್ರೆಯಲ್ಲಿ ಅದನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ, ಸಣ್ಣ ಸೀಸೆಯ ಕಂಠದವರೆಗೆ ತುಂಬಿ, ಮೇಲೆ ಗಾಜಿನ ಬಿಲ್ಲೆ ಮುಚ್ಚಿಟ್ಟೆ. ಹುಳುವಿನ ಮೊಟ್ಟೆ ಉಪ್ಪುನೀರಿಗಿಂತ ಹಗುರ; ತೇಲಿ ಮೇಲೆ ಬಂದು ಬಿಲ್ಲೆಗೆ ಅಂಟುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ತೆಳು ಸಿಪ್ಪೆಯ ಉದ್ದನೆಯ ಮೊಟ್ಟೆಗಳು ಎಲ್ಲೆಂದರಲ್ಲಿ. ಕೊಕ್ಕೆಹುಳು. ಕರುಳಿನ ಗೋಡೆಗೆ ಹಲ್ಲು ನಾಟಿ ರಕ್ತ ಹೀರುವ, ಹೊಲಿಗೆ ದಾರದಷ್ಟು ಸಣ್ಣ ಹುಳು. ಒಂದು ಸೇರು ತೂಗದ ಮರಿಯಲ್ಲಿ ಎಷ್ಟು ರಕ್ತ ಇದ್ದೀತು!

ನನಗೆ ನಿಜಕ್ಕೂ ಸಂತೋಷವಾಯಿತು. ರೋಗ ಗೊತ್ತಾಯಿತಲ್ಲ. ಮದ್ದೂ ಇತ್ತು. ಟೆಟ್ರಾಕ್ಲೋರೆಥಿಲೀನ್ ಎಂಬ, ಪೆಟ್ರೋಲಿನಂತೆ ಘಾಟು ಹೊಡೆಯುವ ದ್ರವ. ಅದನ್ನು ಹನಿ ಎಣಿಸಿ ಜೆಲಾಟಿನ್ ಗುಳಿಗೆಯ ಖಾಲಿ ಚಿಪ್ಪಿಗೆ ತುಂಬಿ ನುಂಗಿಸಬೇಕು. ನಮ್ಮ ಕಾಂಪೌಂಡರು ಇಪ್ಪತ್ತೈದು ವರ್ಷ ಅದೇ ಕೆಲಸದಲ್ಲಿ ಹಣ್ಣಾದ ತಮಿಳರು. ಗುಳಿಗೆ ತುಂಬಿಕೊಡುತ್ತ, “ಸಾರ್, ಇದು ಖಾಲಿ ಹೊಟ್ಟೆಗೆ ಕೊಡುವ ಮದ್ದು. ಹಾಲಿನ ಮೇಲೆ ಬಿದ್ದರೆ ಮದ್ದೇ ವಿಷ” ಎಂದು ತಮಿಳಿನಲ್ಲಿ ಹೇಳಿದರು. ನನಗದು ಗೊತ್ತಿತ್ತು. ಕಾಲೇಜಿನಲ್ಲಿ ಬರೆದುಕೊಂಡಿದ್ದೆ: ಹನ್ನೆರಡು ಗಂಟೆ ಉಪವಾಸ.

ಶನಿವಾರ ಕೊಂಬೈ ತಲುಪಿದಾಗ ಹನ್ನೊಂದಾಗಿತ್ತು. ಹಿಂದಿನ ಸಂಜೆಯಿಂದಲೇ ಮರಿಗಳನ್ನು ತಾಯಿಯಿಂದ ಬೇರೆ ಇಡಿ ಎಂದು ಹೇಳಿ ಕಳಿಸುವುದನ್ನು ಮರೆತಿದ್ದೆ. ಸೊಸೆ ಮರಿಗಳನ್ನು ಬಿದಿರ ಬುಟ್ಟಿಗೆ ಹಾಕಿ ಮೇಲೆ ಗೋಣಿ ಮುಚ್ಚಿ ಪಕ್ಕದಲ್ಲೇ ಕೂತಳು. ಕೆಂಪಿಯನ್ನು ದೂರ ಕಟ್ಟಿದೆವು. ಹನ್ನೆರಡಾಯಿತು, ಒಂದಾಯಿತು. ಮರಿಗಳು ಕುಂಯ್‌ಗುಡುತ್ತಿದ್ದವು. ನಾನು ಗಡಿಯಾರ ನೋಡಿದೆ. ಮೂರೂವರೆಗೆ ಬಸ್ಸು.

ಮೂರು ಗಂಟೆಗೆ ಏಳೂ ಮರಿಗಳಿಗೆ ಗುಳಿಗೆ ನುಂಗಿಸಿದೆ. ಹನ್ನೆರಡು ಗಂಟೆ ಇರಬೇಕಾದ ಉಪವಾಸ ನಾಲ್ಕೇ ಗಂಟೆಯಾಗಿತ್ತು. ಇಷ್ಟು ಸಣ್ಣ ಹೊಟ್ಟೆಯಲ್ಲಿ ನಾಲ್ಕು ಗಂಟೆಯ ಮೇಲೆ ಹಾಲು ಉಳಿದೀತೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. “ಆರು ಗಂಟೆಯವರೆಗೆ ತಾಯಿ ಹತ್ತಿರ ಬಿಡಬೇಡಮ್ಮ” ಎಂದು ಸೊಸೆಗೆ ಹೇಳಿ ಬಸ್ಸು ಹಿಡಿದೆ.

ಮರುದಿನ ಭಾನುವಾರ ಹನ್ನೊಂದರ ಹೊತ್ತಿಗೆ ಆ ಮನೆಯ ಮಗ ನನ್ನ ಬಾಗಿಲಲ್ಲಿ ನಿಂತಿದ್ದ. ಮಾತು ಕಡಿಮೆಯ ಮನುಷ್ಯ.

“ಎರಡು ಹೋದೋ ಸಾರ್. ಅವಳು ಕಳ್ಸುದ್ಲು.”

ಅವನ ಜೊತೆಯಲ್ಲೇ ಹೊರಟೆ. ಮನೆಯ ಮುಂದೆ ನಾಲ್ಕಾರು ಜನ ಕೂಡಿದ್ದರು. ಅತ್ತೆಯ ದನಿ ಬೀದಿಗೆ ಕೇಳುತ್ತಿತ್ತು. “ಹಸ್ದಿರ್ಬೇಕು, ಬಿಡ್‌ಬೇಡ ಅಂತ ಡಾಕ್ಟರು ಅಷ್ಟು ಹೇಳಿ ಹೋಗವ್ರೆ. ಇವಳು ಅಯ್ಯೋ ಪಾವ ಅಂತ ಕದ್ದು ಹಾಲು ಕುಡ್ಸವ್ಳೆ. ಇವಳ ಕೈ ಬಿದ್ರೆ ಮದ್ದೂ ವಿಷವೇ!”

ಸೊಸೆ ಒಳಬಾಗಿಲಲ್ಲಿ ನಿಂತಿದ್ದಳು. “ಇಲ್ಲ ಅತ್ತೆ, ಬಿಡ್ಲಿಲ್ಲ” ಎಂದು ಒಂದೇ ಸಲ ಹೇಳಿದಳು. ಆಮೇಲೆ ನನ್ನ ಕಡೆ ನೋಡಿದಳು.

ಆಗ ನಾನು ಬಾಯಿ ಬಿಡಲಿಲ್ಲ. ಇಂದಿಗೂ ಅದು ಚುಚ್ಚುತ್ತದೆ. “ಸತ್ತ ಮರಿ ಎಲ್ಲಿ?” ಎಂದು ಕೇಳಿ ಹಿತ್ತಿಲಿಗೆ ಹೋಗಿಬಿಟ್ಟೆ.

ಕೊಟ್ಟಿಗೆಯ ಹಿಂದೆ ಹಲಗೆಯ ಮೇಲೆ ಬಾಳೆ ಎಲೆ ಹಾಸಿ ಒಂದನ್ನು ಕೊಯ್ದೆ. ಕರುಳಿನಲ್ಲಿ ಹುಳು ಇದ್ದವು, ಬಹಳಷ್ಟು ಸತ್ತು ಬಿಡಿಯಾಗಿದ್ದವು. ಮದ್ದು ತನ್ನ ಕೆಲಸ ಮಾಡಿತ್ತು. ಆದರೆ ಹೃದಯದಿಂದ ಹರಿದದ್ದು ರಕ್ತವಲ್ಲ, ಗುಲಾಬಿ ನೀರು. ಯಕೃತ್ತು ಹಳದಿಗೆ ತಿರುಗಿ ಬೆರಳು ತಾಕಿದರೆ ಒಡೆಯುವಂತಿತ್ತು. ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪಾದ ಹಾಲು. ಹೊಸದಾಗಿ ಕುಡಿದ ಹಾಲು ಹಾಗಿರುವುದಿಲ್ಲ, ಅದು ನಿನ್ನೆ ಬೆಳಗಿನದು. ರಕ್ತವಿಲ್ಲದೆ ನಿತ್ರಾಣಗೊಂಡ ಮರಿಯ ಜೀರ್ಣಕ್ರಿಯೆ ನಿಧಾನ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ಹಾಲಿನ ಜಿಡ್ಡಿನ ಜೊತೆ ಮದ್ದು ಮೈಗೆ ಇಳಿದು ಯಕೃತ್ತನ್ನು ಸುಟ್ಟಿತ್ತು.

ಮರಿಗಳನ್ನು ಕೊಂದದ್ದು ನನ್ನ ಅವಸರ. ಅದನ್ನು ಹೇಳದೆ ಕೈ ತೊಳೆದುಕೊಂಡು ಹೋದರೂ ಕೇಳುವವರಿರಲಿಲ್ಲ. ನಾಯಿಗೆ ಮದ್ದು ಕೊಟ್ಟದ್ದು ನನ್ನ ಕಡತದಲ್ಲಿ ಇರಲೇ ಇಲ್ಲ. ಹಲಗೆ ತೊಳೆದು ಮುಗಿಯುವವರೆಗೂ ಯೋಚಿಸಿದೆ. ಆ ಹುಡುಗಿ ನನ್ನತ್ತ ನೋಡಿದ್ದು ಕಣ್ಣಿನಿಂದ ಹೋಗಲಿಲ್ಲ.

ಮುಂಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದೆ: “ಅಮ್ಮಾ, ನಿಮ್ಮ ಸೊಸೆ ಹಾಲು ಕುಡಿಸಿಲ್ಲ. ನಾನು ಕೊಯ್ದು ನೋಡಿದೆ. ರಾತ್ರಿಯೆಲ್ಲ ಉಪವಾಸ ಇಟ್ಟು ಮದ್ದು ಕೊಡಬೇಕಾಗಿತ್ತು. ನಾನು ಬಸ್ಸಿನ ಆತುರಕ್ಕೆ ಮೊದಲೇ ಕೊಟ್ಟೆ. ತಪ್ಪು ನನ್ನದು, ಅವಳದಲ್ಲ.”

ಅತ್ತೆ ನನ್ನ ಕಡೆ ತಿರುಗಿದರು.

“ಪೋದುಂ ತಂಬಿ. ಸಾಕು. ಉಳಿದ ಐದೂ ತಾವಾಗೇ ಸಾಯ್ಲಿ. ನಿನ್ ಕೈಲಿ ಸಾಯೋದು ಬೇಡ.”

ಬ್ಯಾಗು ಎತ್ತಿಕೊಂಡು ಬಂದುಬಿಟ್ಟೆ.

ಬಸ್ಸಿನಲ್ಲಿ ಕೂತು ಒಂದೇ ಯೋಚನೆ. ಉಳಿದ ಐದರ ಹುಳು ಬಹುಪಾಲು ಸತ್ತಿರಬಹುದು. ಆದರೂ ಅವು ಉಳಿಯುವುದಿಲ್ಲ. ಮೈಯಲ್ಲಿ ರಕ್ತವೇ ಇಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಹೊಸ ರಕ್ತವಾಗಲು ವಾರಗಳು ಬೇಕು, ಇವಕ್ಕಿರುವುದು ದಿನಗಳು. ನಾನು ಹಿಂದುಮುಂದು ಮಾಡಿದ್ದೆ. ಮೊದಲು ರಕ್ತ, ಆಮೇಲೆ ಮದ್ದು ಆಗಬೇಕಿತ್ತು. ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ಒಮ್ಮೆ ಸಣ್ಣ ಮರಿಗೆ ದೊಡ್ಡ ನಾಯಿಯ ರಕ್ತವನ್ನು ಹೊಟ್ಟೆಯ ಪೊಳ್ಳಿಗೇ ಚುಚ್ಚಿ ಕೊಟ್ಟದ್ದನ್ನು ನೋಡಿದ್ದೆ. ಮರಿಯ ರಕ್ತನಾಳ ದಾರದಷ್ಟು ಸಣ್ಣದು, ಅದಕ್ಕೆ ಸೂಜಿ ಹಾಕುವುದು ಕಷ್ಟ. ಹೊಟ್ಟೆಯ ಪೊಳ್ಳಿನಿಂದ ರಕ್ತ ನಿಧಾನವಾಗಿ ಮೈಗೆ ಸೇರುತ್ತದೆ. ನೋಡಿದ್ದೆ ಅಷ್ಟೆ, ಮಾಡಿರಲಿಲ್ಲ.

“ನಾಯಿಗೆ ರಕ್ತವಾ?” ಕಾಂಪೌಂಡರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇಲ್ಲಿ ಮನುಷ್ಯರಿಗೆ ಕೊಡಬೇಕಾದರೂ ಮಧುರೆಗೆ ಹೋಗಬೇಕು ಸಾರ್.” ಆದರೆ ಬೀರು ತೆಗೆದು ಸೋಡಿಯಂ ಸಿಟ್ರೇಟಿನ ಡಬ್ಬಿ ಹುಡುಕಿದವರು ಅವರೇ. ರಕ್ತದ ಮಾದರಿ ಹೆಪ್ಪುಗಟ್ಟದಂತೆ ಕಳಿಸಲು ಇಟ್ಟಿದ್ದ ಪುಡಿ. ತೂಗಿ, ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಸೀಸೆಯ ಸಮೇತ ಕುದಿಸಿದರು. ರಬ್ಬರು ನಳಿಕೆ, ದಪ್ಪ ಸೂಜಿ, ಗಾಜಿನ ಸಿರಿಂಜು, ಸೋಸಲು ಮಡಿ ಬಟ್ಟೆ, ಎಲ್ಲವನ್ನೂ ಕುದಿಸಿ ಶುಭ್ರವಾದ ಟವೆಲಿನಲ್ಲಿ ಸುತ್ತಿಕೊಟ್ಟರು.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ, ಯಾರೂ ಕರೆಯದೆ, ಹೋದೆ.

ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ತಲೆ ಎತ್ತಲಿಲ್ಲ. ನಾನು ನಿಂತೇ ಇದ್ದೆ. ಒಳಗಿನಿಂದ ಸೊಸೆ ಬಂದಳು. ಅತ್ತೆಯ ಎದುರು ಅವಳು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಅತ್ತೆ, ತಪ್ಪು ನನ್ನದು ಅಂತ ಹೇಳೋಕೆ ಬಾಯಿ ಬಂದ ಮನುಷ್ಯ ಇವರು. ಇನ್ನೊಂದ್ ಸಲ ಕೇಳಣ.”

ಅತ್ತೆ ಮೊರ ಕೆಳಗಿಟ್ಟರು. “ಏನ್ ಬೇಕು ತಂಬಿ?”

“ನೆತ್ತರು. ಗಟ್ಟಿಮುಟ್ಟಾದ ಒಂದು ನಾಯಿಯ ನೆತ್ತರು. ಅದರಿಂದ ಇಷ್ಟು ತೆಗೆದು”, ನಾನು ಸೀಸೆ ತೋರಿಸಿದೆ, “ಐದಕ್ಕೂ ಹಂಚಬೇಕು.”

“ತೆಗ್ದ್ರೆ ಆ ನಾಯಿ ಸತ್ತರೆ?”

“ಸಾಯುವುದಿಲ್ಲ. ಅಷ್ಟನ್ನು ಕೆಲವು ದಿನದಲ್ಲಿ ಅದೇ ಮಾಡಿಕೊಳ್ಳುತ್ತದೆ.”

“ಮೊನ್ನೆಯೂ ಸಾಯಲ್ಲ ಅಂತಲೇ ಗುಳಿಗೆ ಕೊಟ್ಟೆ.”

“ಹೌದಮ್ಮಾ” ಎಂದೆ. “ಮೊನ್ನೆ ತಪ್ಪಿದೆ. ಇವತ್ತು ಏನೂ ಮಾಡದಿದ್ದರೆ ನಾಳೆಯೋ ನಾಡಿದ್ದೋ ಐದೂ ಸಾಯುತ್ತವೆ. ಮಾಡಿದರೆ ಕೆಲವಾದರೂ ಉಳಿದಾವು. ನನಗೆ ಗೊತ್ತಿರುವುದು ಇಷ್ಟೇ.”

ಅವರು ಮಗನನ್ನು ಕರೆದು, “ಹೊಲದಿಂದ ಮುತ್ತನ್ನ ಹಿಡ್ಕೊಂಡ್ ಬಾ” ಎಂದರು.

ಮುತ್ತ ಕಡಲೆಕಾಯಿ ಹೊಲ ಕಾಯುವ ಗಂಡು ನಾಯಿ. ಬೆಟ್ಟದ ಬುಡದಲ್ಲೇ ಅದರ ವಾಸ. ಎದೆಯ ಮೇಲೆ ಹಂದಿಯ ಕೋರೆ ಸೀಳಿದ ಹಳೆಯ ಗಾಯದ ಗೆರೆ. ಹತ್ತಿರ ಹೋದರೆ ತುಟಿ ಮೇಲೆ ಮಾಡಿ ಗುರ್ ಎಂದಿತು; ಒಸಡು ದಾಸವಾಳದಷ್ಟು ಕೆಂಪಗಿತ್ತು.

“ಅದು ನನ್ ಬಿಟ್ರೆ ಯಾರ್ನೂ ಮುಟ್ಟಿಸ್ಕೊಳ್ಳಲ್ಲ” ಎಂದರು ಅತ್ತೆ.

“ಹಾಗಾದರೆ ನೀವೇ ಹಿಡಿಯಬೇಕು.”

ಆ ವಯಸ್ಸಿನಲ್ಲಿ ಅವರು ಸೆರಗು ಸುತ್ತಿ ನೆಲದ ಮೇಲೆ ಕಾಲು ಚಾಚಿ ಕೂತು, ಆ ದೊಡ್ಡ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಮೂತಿಗೆ ಮೃದುವಾದ ಬಟ್ಟೆ ಕಟ್ಟಿದೆವು. ಒಂದು ಕೈ ಅದರ ಕಣ್ಣಿನ ಮೇಲೆ, ಒಂದು ಕೈ ಎದೆಯ ಮೇಲೆ. ಕುತ್ತಿಗೆಯ ಕೂದಲು ಬೋಳಿಸಿ ಸ್ಪಿರಿಟ್ ಒರೆಸಿ ಬುಡದಲ್ಲಿ ಹೆಬ್ಬೆರಳು ಒತ್ತಿದೆ. ನಾಳ ಹಗ್ಗದಂತೆ ಉಬ್ಬಿತು. ಸೂಜಿ ಇಳಿಯಿತು, ನಳಿಕೆಯಲ್ಲಿ ಕಪ್ಪುಗೆಂಪು ಹರಿಯತೊಡಗಿತು. ಸೀಸೆ ಕಾಲುಭಾಗ ತುಂಬುವಷ್ಟರಲ್ಲಿ ಮುತ್ತ ಒಮ್ಮೆ ಕುತ್ತಿಗೆ ಒದರಿತು. ಸೂಜಿ ಜಾರಿತು, ಒಳಗಿನ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟಿಕೊಂಡಿತು. ಅವಸರದಲ್ಲಿ ಟವೆಲು ಬಿಡಿಸಿ ಬೇರೆ ಸೂಜಿ ಹುಡುಕಿದೆ.

“ನಿಧಾನವಾಗ್ ಮಾಡು ತಂಬಿ. ಇದು ಅಲ್ಲಾಡಲ್ಲ” ಎಂದರು ಅತ್ತೆ. ಬಗ್ಗಿ ನಾಯಿಯ ಕಿವಿಯಲ್ಲಿ ಏನೋ ಹೇಳತೊಡಗಿದರು. ಅದು ಚಿಕ್ಕ ಮರಿಯಾಗಿದ್ದಾಗಿನ ಕಥೆ ಇರಬೇಕು. ಎರಡನೆಯ ಸಲ ಅದು ಅಲ್ಲಾಡಲಿಲ್ಲ. ಸೀಸೆಯನ್ನು ಮೆಲ್ಲಗೆ ಸುತ್ತಿಸುತ್ತ, ಸಿಟ್ರೇಟಿನೊಂದಿಗೆ ರಕ್ತ ಬೆರೆಯುವಂತೆ, ಬೇಕಾದಷ್ಟು ತುಂಬಿಕೊಂಡೆ.

ಸೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಬಟ್ಟೆಯಲ್ಲಿ ಸೋಸಿದೆ. ಈಗ ಸೊಸೆಯ ಕೆಲಸ. ಮರಿಯ ಹಿಂಗಾಲು ಮೇಲೆ ಮಾಡಿ, ತಲೆ ಕೆಳಗೆ ಮಾಡಿ, ಹೊಟ್ಟೆ ನನ್ನ ಕಡೆಗೆ ಬರುವಂತೆ ಹಿಡಿಯಬೇಕು. ಹಾಗೆ ಹಿಡಿದರೆ ಕರುಳು ಎದೆಯ ಕಡೆ ಸರಿಯುತ್ತದೆ, ಸೂಜಿಗೆ ಸಿಕ್ಕುವುದಿಲ್ಲ. ಒಂದು ಸಲ ತೋರಿಸಿದೆ. ಅವಳ ಕೈ ನನ್ನದಕ್ಕಿಂತ ಗಟ್ಟಿಯಾಗಿತ್ತು. ಹೊಕ್ಕುಳಿನ ಕೆಳಗೆ, ನಡುಗೆರೆಯಿಂದ ತುಸು ಬದಿಗೆ ಸೂಜಿ ಇಳಿಸಿ, ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದು ನೋಡಿ, ಏನೂ ಬರದಿದ್ದರೆ ಮಾತ್ರ ನಿಧಾನವಾಗಿ ಒತ್ತುವುದು. ಮರಿಯೊಂದಕ್ಕೆ ಎರಡು ದೊಡ್ಡ ಚಮಚದಷ್ಟೂ ಇಲ್ಲ, ಅದಕ್ಕೇ ಐದು ನಿಮಿಷ. ಎಲ್ಲಕ್ಕಿಂತ ಸೊರಗಿದ್ದ ಹೆಣ್ಣುಮರಿಗೆ ಮೊದಲು ಕೊಟ್ಟೆ. ಅದು ಚುಚ್ಚಿದಾಗ ಕೂಗಲೂ ಇಲ್ಲ. ಐದನೆಯದು ಕೂಗಿತು. ಆ ಕೂಗು ಕೇಳಿ ನಮಗೆಲ್ಲ ಖುಷಿಯಾಯಿತು.

ಕೈ ತೊಳೆಯಲು ಬಚ್ಚಲ ಹಿಂದಕ್ಕೆ ಹೋದೆ. ಕೆಂಪಿಯ ಗುಣಿಯ ಪಕ್ಕದಲ್ಲಿ ನನ್ನ ಚಪ್ಪಲಿ ಮಣ್ಣಿನೊಳಗೆ ಹೂತಿತು. ಮಳೆ ನಿಂತು ವಾರವಾಗಿತ್ತು, ಅಂಗಳವೆಲ್ಲ ಒಣಗಿತ್ತು, ಇಲ್ಲಿ ಮಾತ್ರ ಕೆಸರು. ನೋಡಿದರೆ ಬಚ್ಚಲ ನೀರು ಸಣ್ಣಗೆ ಜಿನುಗಿ ನಿಂಬೆ ಬುಡಕ್ಕೆ ಬರುತ್ತಿತ್ತು. ಒದ್ದೆ, ನೆರಳು, ಮಣ್ಣು. ಕೊಕ್ಕೆಹುಳುವಿನ ಮೊಟ್ಟೆ ಒಡೆದು ಕಣ್ಣಿಗೆ ಕಾಣದ ಮರಿಹುಳುವಾಗಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಹೊಟ್ಟೆ ನೆಲಕ್ಕೆ ತಾಗುವಂತೆ ಮಲಗಿದ ಮರಿಯ ಚರ್ಮ ಕೊರೆದು ಅದು ಒಳಗೆ ಹೋಗುತ್ತದೆ. ತಾಯಿಯ ಹಾಲಿನಲ್ಲೂ ಅದು ಇಳಿಯುತ್ತದೆ ಎಂಬುದು ನಮಗೆಲ್ಲ ಗೊತ್ತಾದದ್ದು ಮುಂದೆ.

“ಅಮ್ಮಾ, ಕೆಂಪಿ ಮೊದಲ ಸೂಲು ಹಾಕಿದ್ದೂ ಇಲ್ಲೇನಾ?” ಎಂದು ಕೇಳಿದೆ.

“ಇಲ್ಲಿ ಯಾಕ್ ಹಾಕುತ್ತೆ? ಆ ಮೂಡ್ಲ ತಿಣ್ಣೆ ಮೇಲೆ. ಕಲ್ಲು ಹಾಸಿತ್ತು. ಬೆಳಗಾಗುತ್ಲೂ ಬಿಸ್ಲು ಬೀಳೋದು.”

ತಿಣ್ಣೆ ಎಂದರೆ ಜಗುಲಿ. ಮೂಡಲ ಕಡೆ ಯಾವ ಜಗುಲಿಯೂ ನನಗೆ ಕಾಣಲಿಲ್ಲ. “ಎಲ್ಲಿದೆ ಅದು?”

“ಅದೇ ಆ ಕೋಣೆ. ಮಗನ ಮದ್ವೆಗೆ ಅಂತ ತಿಣ್ಣೆ ಸುತ್ತ ಗೋಡೆ ಎತ್ತಿ…”

ಮಾತು ಅಲ್ಲೇ ನಿಂತಿತು. ಕೈಯಲ್ಲಿದ್ದ ಬಟ್ಟೆಯನ್ನು ಅವರು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ನಾನು ಮಣ್ಣಿನಲ್ಲಿ ಹುಳು ಹೇಗೆ ಬೆಳೆಯುತ್ತದೆ ಎಂದು ಹೇಳಿದೆ. ಕಲ್ಲಿನ ಮೇಲೆ, ಬಿಸಿಲಿನಲ್ಲಿ ಅದು ಒಣಗಿ ಸಾಯುತ್ತದೆ ಎಂದೆ. ಮದುವೆಯಾದ ಮೇಲೆ ಮರಿ ಸಾಯತೊಡಗಿದ್ದು ನಿಜ. ನಾಯಿಗೆ ಜಾಗ ತಪ್ಪಿದ್ದೂ ಆಗಲೇ. ಅವರು ಸೊಸೆಯ ಕಡೆ ನೋಡಲಿಲ್ಲ. ಸೊಸೆಯೂ ಅವರ ಕಡೆ ನೋಡಲಿಲ್ಲ. ಮರಿಗಳ ಮೈ ಒರೆಸುತ್ತ ಕೂತಿದ್ದಳು. ಮಾತಾಡಿದವನು ಬೆಳಗಿನಿಂದ ಬಾಯಿ ಬಿಡದ ಮಗ.

“ಕೋಣೇಲಿ ಕಲ್ಲು ಅಂಗೇ ಅದೆ. ಕುಟ್ಟಿಗಳ್ನ ಅಲ್ಲಿಗೇ ಹಾಕುವ.”

“ನೀವೆಲ್ಲಿ ಮಲಗ್ತೀರಾ?” ಎಂದೆ.

“ಕೊಟ್ಟಿಗೆ ಅದೆಯಲ್ಲ.”

ಹೀಗೆ ಗಂಡ ಹೆಂಡಿರ ಕೋಣೆ ಕೆಂಪಿಯ ಬಾಣಂತಿ ಕೋಣೆಯಾಯಿತು. ಕಿಟಕಿಯ ಬಿಸಿಲು ಬೀಳುವ ಮೂಲೆಯಲ್ಲಿ ಒಣಹುಲ್ಲು, ಮೇಲೆ ಹಳೆ ಸೀರೆ. ದಿನಕ್ಕೆರಡು ಸಲ ಹುಲ್ಲು ಬದಲಿಸಿ ಹಳೆಯದನ್ನು ಸುಡುವುದು, ಕಲ್ಲನ್ನು ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ಉಜ್ಜುವುದು, ಕೆಂಪಿಯ ಮೊಲೆಗಳನ್ನು ತೊಳೆದು ಒರೆಸಿಯೇ ಮರಿ ಬಿಡುವುದು. ಮಗ ಹಿತ್ತಿಲ ಮಣ್ಣನ್ನು ಮೊಳದ ಆಳಕ್ಕೆ ಅಗೆದು ತೆಗೆದು, ಗುಂಡಿಯಲ್ಲಿ ತೆಂಗಿನ ಗರಿ ಹಾಕಿ ಸುಟ್ಟು ಸುಣ್ಣ ಚೆಲ್ಲಿದ. ಬಚ್ಚಲ ನೀರನ್ನು ಬಾಳೆಯ ಪಾತಿಗೆ ತಿರುಗಿಸಿದ. ಮೇಕೆ ಹಾಲಿಗೆ ಮೊಟ್ಟೆಯ ಹಳದಿ ಕದಡಿ ಬಟ್ಟೆಯ ಬತ್ತಿಯಿಂದ ಕುಡಿಸಲು, ಕಬ್ಬಿಣದ ಮಾತ್ರೆಯ ಪುಡಿಯನ್ನು ಜೇನಿನಲ್ಲಿ ನೆಕ್ಕಿಸಲು, ನಾಲ್ಕು ವಾರ ತುಂಬಿದ ಮೇಲೆ ತೆಳ್ಳಗೆ ರಾಗಿ ಗಂಜಿಗೆ ಬೇಯಿಸಿ ಅರೆದ ಮೇಕೆಯ ಯಕೃತ್ತು ಬೆರೆಸಲು ಸೊಸೆಗೆ ಹೇಳಿಕೊಟ್ಟೆ. ಎರಡನೆಯ ಸಲ ಹೇಳಬೇಕಾಗಲಿಲ್ಲ.

ಮರುದಿನ ಒಸಡು ಬಿಳಿಯೇ ಇತ್ತಂತೆ. ಬುಧವಾರ ಆ ಸೊರಗಿದ ಹೆಣ್ಣುಮರಿ ಸತ್ತಿತು. ಗುರುವಾರ ಕ್ಯಾಂಪಿಗೆ ಹೋದವನು ಲಸಿಕೆಯ ಕೆಲಸಕ್ಕೂ ಮುಂಚೆ ಆ ಮನೆಗೆ ಓಡಿದೆ. ಸೊಸೆ ಒಂದು ಮರಿಯನ್ನೆತ್ತಿ ತುಟಿ ಮಡಿಸಿ ತೋರಿಸಿದಳು. ಒಸಡಿನಲ್ಲಿ ಬಣ್ಣವಿತ್ತು, ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳನೆಯ ಕೆಂಪು. ಉಳಿದ ಮೂರನ್ನೂ ನೋಡಿದೆ. ನಾಲ್ಕಕ್ಕೂ ಬಣ್ಣ ಬಂದಿತ್ತು.

ಆದರೆ ಕೆಲಸ ಮುಗಿದಿರಲಿಲ್ಲ. ಎರಡು ವಾರದ ಮೇಲೆ ಮಲ ನೋಡಿದರೆ ಮತ್ತೆ ಮೊಟ್ಟೆ. ಮೊದಲ ಸಲಕ್ಕಿಂತ ಕಡಿಮೆ, ಆದರೂ ಇದ್ದವು. ಆಗ ನಮ್ಮಲ್ಲಿ ಬೇರೆ ಮದ್ದಿರಲಿಲ್ಲ. ಅದೇ ಘಾಟು ದ್ರವವನ್ನು ಅದೇ ಮರಿಗಳಿಗೆ ಮತ್ತೆ ಕೊಡಬೇಕಾಗಿತ್ತು. ಈಗ ಅವು ಗಟ್ಟಿಯಾಗಿದ್ದವು, ತಡೆದುಕೊಳ್ಳಬಲ್ಲವು ಎಂದು ನನಗೆ ನಂಬಿಕೆ ಇತ್ತು. ನಂಬಿಕೆ ಮೊದಲೂ ಇತ್ತಲ್ಲ! ಅತ್ತೆಯನ್ನು ಕೇಳಿದೆ.

ಅವರು ಅಡಿಕೆ ಜಗಿಯುತ್ತ, “ನನ್ನ ಕೇಳ್ಬೇಡ. ಅವಳ್ನ ಕೇಳು” ಎಂದರು.

ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. “ಎಷ್ಟು ಹೊತ್ತು ಹಸ್ದಿರ್ಬೇಕು ಸಾರ್?”

“ಹನ್ನೆರಡು ಗಂಟೆ.”

“ಅಷ್ಟ್ರಲ್ಲಿ ಬಸ್ಸು ಬಂದ್ರೆ?”

“ಬಸ್ಸು ಹೋಗಲಿ.”

ಅವಳು ತಲೆಯಾಡಿಸಿದಳು.

ಸಂಜೆಯಿಂದ ಮರಿಗಳನ್ನು ಬೇರೆ ಇಟ್ಟಳು. ನಾನು ಊರಿನಲ್ಲೇ ಉಳಿದು ಬೆಳಗ್ಗೆ ಏಳಕ್ಕೆ ಹೋದೆ. ಒಂದೊಂದನ್ನೂ ತರಕಾರಿ ತೂಗುವ ತಕ್ಕಡಿಯಲ್ಲಿ ತೂಗಿ, ಹನಿ ಎಣಿಸಿ, ಗುಳಿಗೆಯನ್ನು ನಾಲಿಗೆಯ ಹಿಂದಕ್ಕೆ ತಳ್ಳಿ, ಗಂಟಲು ಸವರಿ ನುಂಗಿಸಿದೆ. ಆಮೇಲೆ ನಾಲ್ವರೂ ಮರಿಗಳನ್ನು ಕಾಯುತ್ತ ಕೂತೆವು. ಒಂದು ಮರಿ ಅಮಲೇರಿದಂತೆ ಓಲಾಡಿ ಗೋಡೆಗೆ ಒರಗಿ ಮಲಗಿತು. ಸೊಸೆ ಅದರ ಎದೆಯ ಮೇಲೆ ಎರಡು ಬೆರಳಿಟ್ಟು ಒಂದು ಗಂಟೆ ತೆಗೆಯಲಿಲ್ಲ. ಅದು ಎದ್ದು, ಅವಳ ಸೆರಗು ಕಚ್ಚಿ ಎಳೆಯಿತು. ಮಧ್ಯಾಹ್ನದ ಮೇಲೆ ನಾಲ್ಕೂ ಹಸಿವಿಗೆ ಮನೆ ಹಾರಿಹೋಗುವಂತೆ ಕಿರುಚತೊಡಗಿದಾಗ ಅತ್ತೆಯೇ ಎದ್ದು ಗಂಜಿ ತಂದರು. ಅವತ್ತು ನಾನು ಮೂರೂವರೆಯ ಬಸ್ಸಿನ ಕಡೆ ತಲೆ ಹಾಕಲಿಲ್ಲ.

ಒಂಬತ್ತನೆಯ ವಾರದಲ್ಲಿ ಮರಿ ಕೊಡುವ ದಿನ ನನಗೂ ಹೇಳಿ ಕಳಿಸಿದ್ದರು. ಒಡ್ಡನ್‌ಛತ್ರದಿಂದ ತರಕಾರಿ ವ್ಯಾಪಾರಿಯೊಬ್ಬ ಬಂದಿದ್ದ. ಅತ್ತೆಯ ತವರಿನ ಕಡೆಯ ನೆಂಟ, ಅವನದೂ ಅದೇ ಮನೆಮಾತು. ಆ ಮನೆಯಲ್ಲಿ ಯಾವಾಗಲೂ ಮರಿಯನ್ನು ಎತ್ತಿ ಕೊಡುವುದು ಅತ್ತೆಯ ಕೈ. ಅವನು ಅವರ ಮುಂದೆ ತೋಳು ಚಾಚಿದ.

ಅತ್ತೆ ಎಲೆಯಡಿಕೆಯ ತಟ್ಟೆ ಬಿಟ್ಟು ಏಳಲಿಲ್ಲ. “ಅವಳ ಕೈಲಿ ಈಸ್ಕೊ. ಸಾಕ್ದೋಳು ಅವಳು” ಎಂದರು.

ಅವನು ಹಿಂದೆ ಮುಂದೆ ನೋಡಿದ. ನೆಂಟರ ಬಾಯಿಂದ ಅವನ ಕಿವಿಗೂ ಆ ರಾಸಿಯ ಮಾತು ಬಿದ್ದಿತ್ತು ಎಂದು ಕಾಣುತ್ತದೆ. “ನೀವೇ ಕೊಡಿ ಅತ್ತೆ, ನಿಮ್ ಕೈ…”

“ಅವಳ ಕೈಲಿ ಬೇಡ ಅಂದ್ರೆ ಕುಟ್ಟಿನೇ ಬೇಡ. ಬಂದ ಬಸ್ಸಿಗೆ ಹೋಗು.”

ಅವನು ಸೊಸೆಯ ಕಡೆ ತಿರುಗಿದ. ಅವಳು ಮರಿಯನ್ನು ಎದೆಗವಚಿಕೊಂಡೇ ನಿಂತಿದ್ದಳು. ಕೊಡಲಿಲ್ಲ.

“ಎಲ್ಲಿ ಮಲಗಿಸ್ತೀರಾ?” ಎಂದು ಕೇಳಿದಳು.

“ಹಿಂದ್ಗಡೆ, ಬಾವಿ ಹತ್ರ, ತಂಪಾಗದೆ…”

“ತಂಪು ಬೇಡ. ಕಲ್ಲು, ಇಲ್ಲ ಹಲಗೆ. ಬಿಸ್ಲು ಬೀಳ್ಬೇಕು. ಒದ್ದೆ ಮಣ್ಣಲ್ಲಿ ಬಿಡೋದಿಲ್ಲ. ಮೂರು ತಿಂಗ್ಳಿಗೆ ಹುಳಿನ ಮದ್ದು, ಹಿಂದಿನ ಸಂಜೆಯಿಂದ ಹೊಟ್ಟೆಗೇನೂ ಇಲ್ಲ. ತುಟಿ ಮಡಿಸಿ ನೋಡ್ಬೇಕು, ಬಿಳುಚಿದ್ರೆ ಅವತ್ತೇ ಡಾಕ್ಟರ ಹತ್ರ. ಹೇಳಿ.”

“ಏನ್ ಹೇಳ್ಲಿ?”

“ನಾನ್ ಹೇಳಿದ್ದು.”

ಅವನು ಕಲ್ಲು ಎಂದ, ಹಲಗೆ ಎಂದ, ಉಪವಾಸ ಮರೆತ. ಅವಳು ಮೊದಲಿನಿಂದ ಹೇಳಿದಳು. ಎರಡನೆಯ ಸಲ ತುಟಿ ಮರೆತ. ಅತ್ತೆ ಅಡಿಕೆ ಕತ್ತರಿಸುತ್ತ ತಲೆ ತಗ್ಗಿಸಿ ನಗು ತಡೆದುಕೊಂಡಿದ್ದರು. ಮೂರನೆಯ ಸಲ ಅವನು, ಶಾಲೆಯ ಮೇಷ್ಟರ ಮುಂದೆ ಮಗ್ಗಿ ಹೇಳುವವನಂತೆ ಬೆರಳು ಮಡಿಸುತ್ತ, ಒಂದೂ ಬಿಡದೆ ಒಪ್ಪಿಸಿದ. ಆಗ ಅವಳು ಮರಿಯ ತಲೆ ಸವರಿ, ಅದನ್ನು ಅವನ ತೋಳಿಗೆ ಬಿಟ್ಟಳು.